ಆಸ್ಪತ್ರೆಗೆ ತಾನಾಗಿ ಬಾರದ ರೋಗಿ: ಆತ್ಮರತಿ ವ್ಯಕ್ತಿತ್ವ ದೋಷ

ಕಾಣುವ ನರಳಾಟ, ಕಾಣದ ದೋಷ

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಗಾಳಿ ಸೋಕಿದೆ ಎಂದು ನಂಬಿದವರನ್ನು ಮಧ್ಯಾಹ್ನದ ಪೂಜೆಯ ಹೊತ್ತಿಗೆ ದತ್ತಾತ್ರೇಯನ ಮುಂದೆ ನಿಲ್ಲಿಸುವುದು ಹಳೆಯ ರೂಢಿ. ಅರಚಾಟ, ನಡುಕ ಎಲ್ಲರ ಕಣ್ಣಿಗೂ ಬೀಳುತ್ತವೆ. ಆತ್ಮರತಿ (ನಾರ್ಸಿಸಿಸ್ಟಿಕ್) ವ್ಯಕ್ತಿತ್ವ ದೋಷವಿರುವವರನ್ನು ಮಾತ್ರ ಯಾರೂ ಎಲ್ಲಿಗೂ ಕರೆದೊಯ್ಯುವುದಿಲ್ಲ. ತಮಗೇನೋ ಆಗಿದೆ ಎಂದು ಅವರಿಗೂ ಅನಿಸುವುದಿಲ್ಲ. ಊರ ಪಂಚಾಯ್ತಿಯಲ್ಲಿ ಅವರು ಗಣ್ಯರೇ ಆಗಿರಬಹುದು. ಕಣ್ಣೀರು ಹಾಕುವುದು ಮನೆ ಮಂದಿ.

ಬರೀ ಸೊಕ್ಕಲ್ಲ

ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಪಟ್ಟಿಗೆ ಈ ದೋಷವನ್ನು ಸೇರಿಸಿದ್ದು 1980ರಲ್ಲಿ. ಈಗಿನ ಪಟ್ಟಿಯಲ್ಲಿ ಒಂಬತ್ತು ಲಕ್ಷಣಗಳಿವೆ, ಕನಿಷ್ಠ ಐದು ಇರಬೇಕು: ತಾನೇ ಮೇಲು ಎಂಬ ಭಾವ, ಮುಗಿಯದ ಹೊಗಳಿಕೆಯ ಹಸಿವು, ವಿಶೇಷ ಮರ್ಯಾದೆ ತನ್ನ ಹಕ್ಕೆಂಬ ನಂಬಿಕೆ, ಇತರರನ್ನು ಬಳಸಿಕೊಳ್ಳುವುದು, ಅವರ ನೋವು ತಟ್ಟದಿರುವುದು, ಅಸೂಯೆ ಇತ್ಯಾದಿ. ಇವು ಹರೆಯ ದಾಟುವಷ್ಟರಲ್ಲಿ ಬೇರೂರಿ, ಮನೆಯಲ್ಲೂ ಕೆಲಸದಲ್ಲೂ ಒಂದೇ ರೀತಿ ಕಾಣಬೇಕು. ಚುನಾವಣೆ ಗೆದ್ದ ವರ್ಷ ಬೀಗುವವನಿಗೆ ಈ ಹಣೆಪಟ್ಟಿ ಅಂಟಿಸಬಾರದು. ಸಿಟ್ಟು ಬಂದವರನ್ನೆಲ್ಲ ‘ನಾರ್ಸಿಸಿಸ್ಟ್’ ಎನ್ನುವ ಈಚಿನ ಚಟವೂ ಒಳ್ಳೆಯದಲ್ಲ.

ಬೀಗುವಿಕೆಯ ಕೆಳಗೆ ಹಲವೊಮ್ಮೆ ಅಳ್ಳಕವಾದ ಆತ್ಮಗೌರವವಿರುತ್ತದೆ. ಬೀಗರ ಮನೆಯ ಊಟದಲ್ಲಿ ಮೊದಲು ತನಗೆ ಬಡಿಸಲಿಲ್ಲ ಎಂಬಷ್ಟಕ್ಕೇ ವರ್ಷಗಟ್ಟಲೆ ಮಾತು ಬಿಡುವುದು ಆ ಆತ್ಮಗೌರವಕ್ಕೆ ಬಿದ್ದ ಪೆಟ್ಟಿನಿಂದಲೇ ಇದ್ದೀತು. ಎಲ್ಲರೂ ಅಬ್ಬರಿಸುವುದಿಲ್ಲ, ಸದಾ ತನಗೇ ಅನ್ಯಾಯವಾಗಿದೆ ಎಂದು ಕೊರಗುವ ಮೆತ್ತಗಿನ ಬಗೆಯೂ ಉಂಟು.

ಕಾರಣ

ಒಂದೇ ಕಾರಣವಿಲ್ಲ. ಹುಟ್ಟುಗುಣದ ಪಾಲಿದೆ, ಬಾಲ್ಯದ ಪಾಲೂ ಇದೆ. ಅತಿ ಹೊಗಳಿಕೆ, ಅತಿ ತಾತ್ಸಾರ ಎರಡನ್ನೂ ತಜ್ಞರು ಹೆಸರಿಸುತ್ತಾರೆ.

ಎಲ್ಲಿ ತೋರಿಸಬೇಕು?

ಇದಕ್ಕೆಂದೇ ಗುಳಿಗೆಯಿಲ್ಲ. ಜತೆಗಿರುವ ಖಿನ್ನತೆ, ಆತಂಕಕ್ಕೆ ಔಷಧವಿದೆ. ಮೂಲ ದೋಷಕ್ಕೆ ತಿಂಗಳು, ವರ್ಷಗಳ ಮಾತಿನ ಚಿಕಿತ್ಸೆ ಬೇಕು. ಆಳಂದ, ಜೇವರ್ಗಿಯ ಹಳ್ಳಿಯಿಂದ ವಾರವಾರವೂ ಕೂಲಿ ಬಿಟ್ಟು ಕಲಬುರಗಿಗೆ ಬಸ್ಸು ಹತ್ತುವುದು ಹೇಳಿದಷ್ಟು ಸುಲಭವಲ್ಲ. ‘ಮನೋಚೈತನ್ಯ’ ಎಂಬ ಸರ್ಕಾರಿ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಿದೆ. ಹೋಗುವ ಮುನ್ನ ಆಸ್ಪತ್ರೆಯಲ್ಲಿ ವಿಚಾರಿಸುವುದು ಲೇಸು. 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು.

ಈ ದೋಷವಿರುವ ವ್ಯಕ್ತಿ ವೈದ್ಯರ ಬಳಿ ಬರುವುದು ಬಹುತೇಕ ನೌಕರಿ ಹೋದಾಗ, ಹೆಂಡತಿ ತವರಿಗೆ ನಡೆದಾಗ, ಅದೂ ನಿದ್ದೆ ಬರುತ್ತಿಲ್ಲ ಎಂಬ ನೆಪದಲ್ಲಿ. ಅಲ್ಲಿಯವರೆಗೆ ಹೆಂಡತಿ ಮಕ್ಕಳು ಕಾಯಬೇಕಾಗಿಲ್ಲ, ತಮಗಾಗಿಯೇ ಆಪ್ತ ಸಲಹೆ ಪಡೆಯಬಹುದು. ಹೊಡೆತ ಬಡಿತವಿದ್ದರೆ ಅದು ಕಾಯಿಲೆಯ ಮಾತಲ್ಲ. ಮಹಿಳಾ ಸಹಾಯವಾಣಿ 181 ಇದೆ.