ಪಫಿಂಗ್ ಬಿಲ್ಲಿ: ಒಂದು ಗಣಿಬಂಡಿಯ ಚರಿತ್ರೆ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಗೆ ರೈಲುದಾರಿಯು ಬಂದುದು ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ. ಕೊಂಕಣ ರೈಲುಮಾರ್ಗವು 1998ರಲ್ಲಿ ಪೂರ್ಣಗೊಂಡಾಗ ಅದರ ಮೇಲೆ ಓಡಿದುವು ಡೀಸೆಲ್ ಯಂತ್ರಗಳು. ಉಗಿಬಂಡಿಯ ಕಾಲವು ಅಷ್ಟರೊಳಗೆ ಮುಗಿದಿತ್ತು. ಆದರೂ ಉಗಿಬಂಡಿಯ ಆದಿಕಾಲದ ವೃತ್ತಾಂತವು ಈ ಸೀಮೆಯವರಿಗೆ ಅಪರಿಚಿತವೆನಿಸಲಾರದು. ಏಕೆಂದರೆ ಅದನ್ನು ಮೊದಲು ದುಡಿಸಿದುದು ಪ್ರಯಾಣಿಕರಿಗಾಗಿ ಅಲ್ಲ, ಸರಕು ಸಾಗಿಸುವುದಕ್ಕಾಗಿ.

ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ, ಟೈನ್ ನದಿಯ ದಡದ ವೈಲಮ್ ಎಂಬ ಹಳ್ಳಿಯಲ್ಲಿ ಒಂದು ಕಲ್ಲಿದ್ದಲ ಗಣಿಯಿತ್ತು. ಅಲ್ಲಿಂದ ಸುಮಾರು 5 ಮೈಲು ದೂರದ ಲೆಮಿಂಗ್ಟನ್ ದಕ್ಕೆಗೆ ಕುದುರೆಗಳು ಹಳಿಗಳ ಮೇಲೆ ಇದ್ದಲನ್ನು ಎಳೆಯುತ್ತಿದ್ದುವು. ಮುಂದೆ ದೋಣಿಗಳು ಅದನ್ನು ಹಡಗುಗಳಿಗೆ ಮುಟ್ಟಿಸುತ್ತಿದ್ದುವು. ಗಂಗೊಳ್ಳಿಯ ಅಳಿವೆಯನ್ನು ಬಲ್ಲವರಿಗೆ ಈ ಕ್ರಮವನ್ನು ವಿವರಿಸಬೇಕಾಗಿಲ್ಲ. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಕುದುರೆಯ ಮೇವು ತುಟ್ಟಿಯಾಗಲು, ಗಣಿಯ ಒಡೆಯನಾದ ಕ್ರಿಸ್ಟೋಫರ್ ಬ್ಲಾಕೆಟ್ ಎಂಬವನು ಬೇರೊಂದು ಉಪಾಯವನ್ನು ಅರಸಿದನು.

ನುಣುಪಾದ ಕಬ್ಬಿಣದ ಚಕ್ರವು ನುಣುಪಾದ ಕಬ್ಬಿಣದ ಹಳಿಯ ಮೇಲೆ ಜಾರದೆ ಭಾರವನ್ನು ಎಳೆಯಬಲ್ಲುದೇ ಎಂಬುದು ಆಗಿನ ದೊಡ್ಡ ಸಂಶಯ. ಗಣಿಯ ಮೇಲ್ವಿಚಾರಕನಾದ ವಿಲಿಯಂ ಹೆಡ್ಲಿಯು ಒಂದು ಗಾಡಿಯ ಮೇಲೆ ಆಳುಗಳನ್ನು ನಿಲ್ಲಿಸಿ, ಅವರ ಕೈಯಿಂದಲೇ ಚಕ್ರಗಳನ್ನು ತಿರುಗಿಸಿ ನೋಡಿದನು. ಚಕ್ರಗಳು ಜಾರಲಿಲ್ಲ. ಸಂಶಯವು ಪರಿಹಾರವಾದ ಮೇಲೆ, 1813–14ರಲ್ಲಿ, ಜೊನಾಥನ್ ಫಾರ್ಸ್ಟರ್ ಮತ್ತು ಟಿಮೊಥಿ ಹ್ಯಾಕ್‌ವರ್ತ್ ಎಂಬವರ ನೆರವಿನಿಂದ ‘ಪಫಿಂಗ್ ಬಿಲ್ಲಿ’ಯು ಸಿದ್ಧವಾಯಿತು.

ಹೊಸ ಯಂತ್ರಕ್ಕೆ ಮೊದಲು ಒದಗಿದ ವಿಘ್ನವು ಅದರ ತೂಕವೇ. ಎರಕದ ಹಳಿಗಳು ಸುಮಾರು 8 ಟನ್ನುಗಳ ಭಾರವನ್ನು ತಾಳದೆ ಮುರಿದುವು. ಭಾರವು ಹಂಚಿಹೋಗಲೆಂದು ನಾಲ್ಕು ಚಕ್ರಗಳ ಬದಲಿಗೆ ಎಂಟನ್ನು ಜೋಡಿಸಿದರು. 1830ರ ಸುಮಾರಿಗೆ ಗಟ್ಟಿಯಾದ ಹಳಿಗಳನ್ನು ಹಾಸಿದ ಮೇಲೆ ಪುನಃ ನಾಲ್ಕೇ ಚಕ್ರಗಳಾದುವು. ಇದರ ಜೊತೆಯ ಯಂತ್ರವಾದ ‘ವೈಲಮ್ ಡಿಲ್ಲಿ’ಯಂತೂ 1822ರಲ್ಲಿ ದೋಣಿಕಾರರು ಮುಷ್ಕರ ಹೂಡಿದಾಗ ಹಳಿಯಿಂದಿಳಿದು, ದೋಣಿಯೇರಿ, ನೀರಿನ ಮೇಲೂ ದುಡಿಯಿತು! ಇದೇ ಹಳಿದಾರಿಯ ಪಕ್ಕದ ಮನೆಯೊಂದರಲ್ಲಿ 1781ರಲ್ಲಿ ಜನಿಸಿದ ಜಾರ್ಜ್ ಸ್ಟೀಫನ್ಸನ್ನನು ಮುಂದೆ ರೈಲುಮಾರ್ಗಗಳ ಜನಕನೆಂದು ಪ್ರಸಿದ್ಧನಾದನು.

ಸ್ಟೀಫನ್ಸನ್ನನ ಕಾಲದಲ್ಲಿ ಇದಕ್ಕಿಂತ ವೇಗವುಳ್ಳ ಯಂತ್ರಗಳು ಎಷ್ಟೋ ಹುಟ್ಟಿದುವು. ಪಫಿಂಗ್ ಬಿಲ್ಲಿಯಾದರೋ ಗಂಟೆಗೆ 5 ಮೈಲಿನ ನಡಿಗೆಯಲ್ಲಿಯೇ 1862ರವರೆಗೆ, ಅಂದರೆ ಹತ್ತಿರಹತ್ತಿರ ಅರ್ಧ ಶತಮಾನ, ದುಡಿಯಿತು. ಕೆಲಸವು ನಿಂತ ವರ್ಷವೇ ಅದನ್ನು ಲಂಡನ್ನಿನ ಪೇಟೆಂಟ್ ಕಚೇರಿಯ ವಸ್ತುಸಂಗ್ರಹಾಲಯಕ್ಕೆ ಎರವಲಾಗಿ ಕೊಟ್ಟರು. ಅನಂತರ 200 ಪೌಂಡುಗಳಿಗೆ ಮಾರಿದರು. ಈಗ ಅದು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ. ಜಗತ್ತಿನಲ್ಲಿ ಉಳಿದಿರುವ ಉಗಿಬಂಡಿಗಳಲ್ಲಿ ಅದೇ ಅತ್ಯಂತ ಹಳೆಯದು. ವೈಲಮ್ ಡಿಲ್ಲಿಯು ಎಡಿನ್‌ಬರೋ ನಗರದಲ್ಲಿದೆ.

ಇಲ್ಲಿ ವಿಚಾರಿಸತಕ್ಕ ಅಂಶವೊಂದುಂಟು. ದುಡಿಮೆ ನಿಂತ ಯಂತ್ರಕ್ಕೆ ಎರಡೇ ಗತಿ: ಒಂದೋ ಗುಜರಿಯವನ ತಕ್ಕಡಿ, ಇಲ್ಲವೇ ತಿಳಿದವರ ಆಶ್ರಯ. ಇವೆರಡರ ನಡುವೆ ದೊರೆಯುವ ಅವಕಾಶವು ಬಹಳ ಸ್ವಲ್ಪ. ಕರಾವಳಿಯ ಹೊಳೆದಂಡೆಗಳ ಹಂಚಿನ ಕಾರ್ಖಾನೆಗಳಲ್ಲಿ ಹಲವು ಮುಚ್ಚಿಹೋಗಿವೆ. ಮಣ್ಣು ಅರೆದ ಯಂತ್ರ, ಹಂಚು ಒತ್ತಿದ ಅಚ್ಚು, ಅವುಗಳನ್ನು ನಡೆಸಿದ ಕೈಗಳ ನೆನಪು, ಇವೆಲ್ಲವೂ ಈ ಸೀಮೆಯ ಚರಿತ್ರೆಯೇ ಸರಿ. ತುಕ್ಕು ತಿಂದು ಮುಗಿಸಿದ ಮೇಲೆ 200 ಪೌಂಡುಗಳಲ್ಲ, 2 ಲಕ್ಷ ಕೊಟ್ಟರೂ ಅವು ಮರಳಿ ಬಾರವು. ಒಂದು ಅಚ್ಚನ್ನಾದರೂ ಊರ ಶಾಲೆಯ ಜಗಲಿಯಲ್ಲಿ ಇರಿಸಿದರೆ, ಮುಂದಿನ ಮಕ್ಕಳಿಗೆ ತಮ್ಮ ಹಿರಿಯರ ದುಡಿಮೆಯನ್ನು ಮುಟ್ಟಿ ತಿಳಿಯುವ ಭಾಗ್ಯವು ಉಳಿದೀತು.