ಕಲಾದಗಿ ಸೀಮೆಯ ಪೆಂಟೆಶಿಲೆ ಮತ್ತು ಬಾದಾಮಿಯ ಕಲ್ಲಿನ ಕಾಲನಿರ್ಣಯ

ಬಾದಾಮಿಯ ಮೂರನೆಯ ಗುಹಾಲಯದಲ್ಲಿರುವ ಮಂಗಲೇಶನ ಶಾಸನವು ಶಕವರ್ಷ ೫೦೦, ಎಂದರೆ ಕ್ರಿ. ಶ. ೫೭೮ಕ್ಕೆ ಸೇರಿದುದೆಂಬುದು ಇತಿಹಾಸಜ್ಞರೆಲ್ಲರಿಗೂ ವಿದಿತವಾದ ವಿಷಯವು. ಅಕ್ಷರಗಳಿಗೆ ಕಾಲವು ಹೀಗೆ ನಿಶ್ಚಿತವಾಗಿದೆ. ಅಕ್ಷರಗಳನ್ನು ಹೊತ್ತಿರುವ ಕಲ್ಲಿನ ಕಾಲದ ವಿಷಯದಲ್ಲಾದರೋ ಒಂದು ತಪ್ಪು ಗ್ರಹಿಕೆಯು ತೊಂಬತ್ತಕ್ಕೂ ಹೆಚ್ಚು ವರ್ಷ ಪ್ರಚಾರದಲ್ಲಿದ್ದಿತು. ಅದು ಹೇಗೆ ಉಂಟಾಯಿತು, ಹೇಗೆ ನಿವಾರಣೆಯಾಯಿತು ಎಂಬುದು ಗ್ರಂಥಗಳ ಪೌರ್ವಾಪರ್ಯವನ್ನು ವಿಚಾರಿಸುವವರಿಗೂ ಉಪಯುಕ್ತವಾದ ವೃತ್ತಾಂತವಾಗಿದೆ.

ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿಯೂ ಅವುಗಳ ನೆರೆಯಲ್ಲಿಯೂ ಸುಮಾರು ೮,೦೦೦ ಚದರ ಕಿಲೋಮೀಟರು ಹರಡಿಕೊಂಡಿರುವ ಮರಳುಗಲ್ಲು, ಬೆಣಚುಶಿಲೆ, ಸುಣ್ಣಕಲ್ಲುಗಳ ಪ್ರದೇಶಕ್ಕೆ ಕಲಾದಗಿ ದ್ರೋಣಿಯೆಂದು ಹೆಸರು. ತಳದ ಪ್ರಾಚೀನ ಶಿಲೆಗಳು ಸ್ತರಭಂಗಗಳ ಗುಂಟ, ಎಂದರೆ ಬಿರುಕುಬಿಟ್ಟ ರೇಖೆಗಳ ಗುಂಟ, ಮೆಲ್ಲಮೆಲ್ಲನೆ ಕುಸಿದುದರಿಂದ ಈ ತಗ್ಗು ಉಂಟಾಯಿತೆಂಬುದು ಭೂವಿಜ್ಞಾನಿಗಳ ಅಭಿಪ್ರಾಯ. ನೆಲವು ತಗ್ಗಿದೊಡನೆ ಅಂಚಿನ ಎತ್ತರಗಳಿಂದ ಹೊಳೆಗಳು ರಭಸದಿಂದ ಇಳಿದು ಕಲ್ಲುಗಳನ್ನು ಉರುಳಿಸಿ ತಂದುವು. ಹಾದಿಯಲ್ಲಿ ಮೂಲೆಮೊನೆಗಳು ಸವೆದು ಗುಂಡಾದ ಆ ಕಲ್ಲುಗಳು ಮರಳಿನೊಡನೆ ಬೆಸೆದು ಗಟ್ಟಿಯಾದಾಗ ಪೆಂಟೆಶಿಲೆಯೆನಿಸುವುವು. ದ್ರೋಣಿಯ ತಳದಲ್ಲಿರುವ ಇಂತಹ ಶಿಲೆಗೆ ಸಾಲಗುಂದಿ ಪೆಂಟೆಶಿಲೆಯೆಂದು ಹೆಸರಿಟ್ಟಿದ್ದಾರೆ.

ಈ ಶಿಲೆಯಲ್ಲಿ ಬೆಣಚುಕಲ್ಲು, ಕೆಂಪು ಜಾಸ್ಪರ್, ಪಟ್ಟೆಪಟ್ಟೆಯಾದ ಕಬ್ಬಿಣದ ಕಲ್ಲು ಮೊದಲಾದುವುಗಳ ಗುಂಡುಗಳು ಕಾಣುತ್ತವೆ. ಇವು ಧಾರವಾಡ ಶಿಲಾವರ್ಗದ ಬೆಟ್ಟಗಳಿಂದ ಬಂದುವು. ಗುಂಡು ಯಾವ ಶಿಲೆಯದೋ ಆ ಶಿಲೆಯು ಪೆಂಟೆಶಿಲೆಗಿಂತ ಹಿಂದಿನದಾಗಿರಲೇಬೇಕು. ಮಲ್ಲಿಕಾರ್ಜುನನ 'ಸೂಕ್ತಿಸುಧಾರ್ಣವ'ದಲ್ಲಿ ಒಂದು ಪದ್ಯವು ಉದ್ಧೃತವಾಗಿದ್ದರೆ, ಆ ಪದ್ಯದ ಕರ್ತೃವು ಸಂಕಲನಕ್ಕಿಂತ ಹಿಂದಿನವನೆಂದು ನಿರ್ಣಯಿಸುವ ನ್ಯಾಯವೇ ಇಲ್ಲಿಯೂ ಸಲ್ಲುತ್ತದೆ. ಮೂಲವು ನಷ್ಟವಾದ ಕಾವ್ಯಗಳ ಪದ್ಯಗಳು ಸಂಕಲನದಲ್ಲಿ ಉಳಿದಿರುವಂತೆ, ಸವೆದು ಹೋದ ಬೆಟ್ಟಗಳ ತುಣುಕುಗಳು ಪೆಂಟೆಶಿಲೆಯಲ್ಲಿ ಉಳಿದಿವೆ. ಆದುದರಿಂದ ಇದನ್ನು ಭೂಮಿಯ ಸಂಕಲನಗ್ರಂಥವೆಂದರೆ ಅತಿಶಯೋಕ್ತಿಯಾಗದು.

ಈ ಸೀಮೆಯನ್ನು ಮೊದಲು ಕ್ರಮವಾಗಿ ಪರಿಶೋಧಿಸಿದವರು ರಾಬರ್ಟ್ ಬ್ರೂಸ್ ಫುಟ್ ಅವರು. ೧೮೬೩ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಕಂಡುಹಿಡಿದು ಪ್ರಸಿದ್ಧರಾದವರು ಇವರೇ. ದಕ್ಷಿಣ ಮಹಾರಾಷ್ಟ್ರ ಸೀಮೆಯ ಭೂರಚನೆಯನ್ನು ಕುರಿತ ಇವರ ಗ್ರಂಥವು ೧೮೭೬ರಲ್ಲಿ ಪ್ರಕಟವಾಯಿತು. ಕಲಾದಗಿ ಎಂಬ ಊರಿನ ಹೆಸರು ಶಿಲಾಶ್ರೇಣಿಗೆ ಸಂದುದು ಇವರಿಂದಲೇ. ಬಾದಾಮಿಯ ಮರಳುಗಲ್ಲನ್ನೂ ಅವರು ಇದೇ ಶ್ರೇಣಿಗೆ ಸೇರಿಸಿದರು.

ಈ ಪೂರ್ವಪಕ್ಷವು ನಿರಾಧಾರವಾದುದಲ್ಲ. ಬಾದಾಮಿಯ ಕಲ್ಲಿಗೂ ತಳದಲ್ಲಿ ಪೆಂಟೆಶಿಲೆಯುಂಟು; ಅದನ್ನು ಈಗ ಕೆಂದೂರು ಪೆಂಟೆಶಿಲೆಯೆನ್ನುತ್ತಾರೆ. ಅಲ್ಲಿಯೂ ಗುಂಡುಕಲ್ಲು, ಇಲ್ಲಿಯೂ ಗುಂಡುಕಲ್ಲು. ಮೇಲೆ ಅಲ್ಲಿಯೂ ಮರಳು, ಇಲ್ಲಿಯೂ ಮರಳು. ಕೆಲವೆಡೆಗಳಲ್ಲಿ ಬಾದಾಮಿಯ ಸ್ತರಗಳು ನಡುವೆ ಬೇರೊಂದಿಲ್ಲದೆ ನೇರವಾಗಿ ಪ್ರಾಚೀನ ಶಿಲೆಗಳ ಮೇಲೆಯೇ ಕುಳಿತಿವೆ. ಅಂತಹ ಸ್ಥಳದಲ್ಲಿ ನಿಂತವರಿಗೆ ಎರಡೂ ಒಂದೇ ಎಂದು ತೋರುವುದು ಸಹಜವೇ ಆಗಿದೆ.

ಸಿದ್ಧಾಂತವು ಎರಡೂ ಒಂದೆಡೆ ಸಂಧಿಸುವ ಸ್ಥಳಗಳಿಂದ ದೊರೆಯಿತು. ರಾಮದುರ್ಗದ ಬಳಿ ಕೆಳಗಿನ ಬೆಣಚುಶಿಲೆಯ ಪದರಗಳು ಓರೆಯಾಗಿ ಮೇಲೆದ್ದು ನಿಂತಿವೆ. ಅವುಗಳ ಸವೆದ ಅಂಚಿನ ಮೇಲೆ ಬಾದಾಮಿಯ ಪದರಗಳು ಹಾಸಿದಂತೆ ಮಟ್ಟಸವಾಗಿ ಮಲಗಿವೆ. ಇದರ ಅರ್ಥವನ್ನು ವಿಚಾರಿಸಬೇಕು. ಕೆಳಗಿನ ಮರಳು ಮೊದಲು ನೀರಿನಲ್ಲಿ ಶೇಖರವಾಗಿ ಕಲ್ಲಾಗಬೇಕು. ಆ ಕಲ್ಲು ಒತ್ತಡಕ್ಕೆ ಸಿಕ್ಕಿ ಮಡಿಸಬೇಕು, ಮೇಲೇಳಬೇಕು, ಮಳೆಗಾಳಿಗಳಿಂದ ಸವೆಯಬೇಕು. ಇಷ್ಟಾದ ಮೇಲೆಯೇ ಹೊಸ ಗುಂಡುಗಳೂ ಮರಳೂ ಅದರ ಮೇಲೆ ಬಂದು ಬೀಳಬೇಕು. ಇವೆಲ್ಲಕ್ಕೂ ಬಹುದೀರ್ಘ ಕಾಲವು ಬೇಕಾಗುವುದು. ಈ ಪ್ರಮಾಣಗಳನ್ನು ಗಮನಿಸಿ ಎಂ. ಎನ್. ವಿಶ್ವನಾಥಯ್ಯನವರು ೧೯೬೮ರಲ್ಲಿ ಬಾದಾಮಿಯ ಶಿಲೆಗಳು ಕಲಾದಗಿಯವುಗಳಿಗಿಂತ ಈಚಿನ ಬೇರೊಂದು ಶ್ರೇಣಿಯೆಂದು ಪ್ರತಿಪಾದಿಸಿದರು. ಈಗ ಕೆಳಗಿನದು ಬಾಗಲಕೋಟೆ ಸಮೂಹವೆಂದೂ ಮೇಲಿನದು ಬಾದಾಮಿ ಸಮೂಹವೆಂದೂ ವ್ಯವಹಾರವಾಗಿದೆ. ಬಾದಾಮಿ ಸಮೂಹದ ಒಂದು ಮರಳುಗಲ್ಲಿಗೆ ಭೂವಿಜ್ಞಾನಿಗಳು ಗುಹಾದೇವಾಲಯದ ಹೆಸರನ್ನೇ ಇಟ್ಟಿರುವುದು ಚಾಲುಕ್ಯ ಶಿಲ್ಪಿಗಳಿಗೆ ಸಂದ ಗೌರವವೆಂದೂ ಭಾವಿಸಬಹುದು.

ಪೆಂಟೆಶಿಲೆಯ ಸಾಕ್ಷ್ಯಕ್ಕೆ ಒಂದು ಮಿತಿಯುಂಟು. ಅದು 'ಇದಕ್ಕಿಂತ ಈಚೆ' ಎಂದು ಹೇಳುವುದಲ್ಲದೆ ವರ್ಷವನ್ನು ಹೇಳಲಾರದು. ಇನ್ನೊಂದು ಎಲ್ಲೆಯು ಬೇರೆಡೆಯಿಂದ ಬರಬೇಕು. ಬಾಗಲಕೋಟೆ ಸಮೂಹವನ್ನು ಭೇದಿಸಿಕೊಂಡು ನುಗ್ಗಿದ ಕಪ್ಪು ಅಗ್ನಿಶಿಲೆಯೊಂದರ ವಯಸ್ಸನ್ನು ಅಣುಗಳ ಕ್ಷಯದಿಂದ ಲೆಕ್ಕಹಾಕಿ, ಅದು ಸುಮಾರು ೧೧೫ ಕೋಟಿ ವರ್ಷಗಳದೆಂದು ನಿರ್ಣಯಿಸಿದ್ದಾರೆ. ಭೇದಿಸಲ್ಪಟ್ಟುದು ಭೇದಿಸಿದುದಕ್ಕಿಂತ ಹಿಂದಿನದಷ್ಟೆ. ಹೀಗೆ ಸಾಲಗುಂದಿಯ ಶಿಲೆಯು ಧಾರವಾಡದ ಬೆಟ್ಟಗಳಿಂದೀಚೆಗೂ ೧೧೫ ಕೋಟಿ ವರ್ಷಗಳಿಂದಾಚೆಗೂ ನಿಲ್ಲುತ್ತದೆ. ಕವಿಯೊಬ್ಬನು ತಾನು ಸ್ಮರಿಸಿದ ಪೂರ್ವಕವಿಗೂ, ತನ್ನನ್ನು ಸ್ಮರಿಸಿದ ಈಚಿನ ಕವಿಗೂ ನಡುವೆ ನಿಲ್ಲುವುದು ಹೀಗೆಯೇ.

ಫುಟ್ ಅವರ ಪರಿಶ್ರಮಕ್ಕೆ ಇದರಿಂದ ಕುಂದೇನೂ ಇಲ್ಲ. ಅವರು ಗುರುತಿಸಿಕೊಟ್ಟ ನೆಲದ ಮೇಲೆಯೇ ಈಚಿನವರು ನಡೆದರು. ಆದರೆ ಸಾದೃಶ್ಯಮಾತ್ರದಿಂದ ಸಮಕಾಲೀನತೆಯು ಸಿದ್ಧಿಸದೆಂಬುದು ಇಲ್ಲಿ ಸ್ಪಷ್ಟವಾಗಿದೆ. ಒಂದೇ ಹೆಸರಿನ ಇಬ್ಬರು ಅರಸರನ್ನು ಒಬ್ಬನೆಂದೂ, ಒಂದೇ ಶೈಲಿಯ ಎರಡು ಕೃತಿಗಳನ್ನು ಒಂದೇ ಕಾಲದವೆಂದೂ ಹೇಳಹೊರಡುವವರು, ಅವೆರಡೂ ಸಂಧಿಸುವ ಸ್ಥಳವನ್ನು ಮೊದಲು ಹುಡುಕಿ ನೋಡುವುದು ಯುಕ್ತವು.