ವಾಸರ್ಮನ್ ಪರೀಕ್ಷೆ ಕಲಿಸಿದ ಲೆಕ್ಕ

ಗರ್ಭಿಣಿಯರಿಗೆ ಬರೆದುಕೊಡುವ ರಕ್ತಪರೀಕ್ಷೆಯ ಚೀಟಿಯಲ್ಲಿ ‘ವಿಡಿಆರ್‌ಎಲ್’ ಎಂಬ ಹೆಸರನ್ನು ನೀವು ನೋಡಿರಬಹುದು. ಅದು ಸಿಫಿಲಿಸ್ ರೋಗವನ್ನು ಹುಡುಕುವ ಪರೀಕ್ಷೆ. ವರದಿ ‘ಪಾಸಿಟಿವ್’ ಎಂದು ಬಂತೆನ್ನಿ. ಲೈಂಗಿಕ ಸಂಪರ್ಕದಿಂದ ಹರಡುವ ರೋಗವಾದ್ದರಿಂದ ಮನೆಯಲ್ಲಿ ಎಂತೆಂಥ ಮಾತು ಹುಟ್ಟೀತೆಂಬುದನ್ನು ಊಹಿಸಬಲ್ಲಿರಿ. ಆದರೆ ಆ ಹೆಣ್ಣುಮಗಳಿಗೆ ರೋಗ ಇಲ್ಲದಿರಲೂಬಹುದು. ಗರ್ಭ ಧರಿಸಿರುವುದೇ ಕೆಲವೊಮ್ಮೆ ಈ ಪರೀಕ್ಷೆಯನ್ನು ಪಾಸಿಟಿವ್ ಮಾಡುವುದುಂಟು! ಹೀಗೇಕೆಂದು ತಿಳಿಯಲು ನೂರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಗಬೇಕು.

1905ರಲ್ಲಿ ಶೌಡಿನ್ ಮತ್ತು ಹಾಫ್‌ಮನ್ ಸಿಫಿಲಿಸ್‌ನ ಸುರುಳಿಯಾಕಾರದ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಮರುವರ್ಷವೇ ಜರ್ಮನಿಯ ವಾಸರ್ಮನ್, ನೈಸರ್ ಮತ್ತು ಬ್ರೂಕ್ ರಕ್ತಪರೀಕ್ಷೆಯೊಂದನ್ನು ಪ್ರಕಟಿಸಿದರು. ಅದರ ತತ್ತ್ವ ಜಾಣತನದ್ದು. ರೋಗಿಯ ಸೀರಮ್‌ನಲ್ಲಿರುವ ಪ್ರತಿಕಾಯಗಳು ತಮಗೆ ತಕ್ಕ ಪ್ರತಿಜನಕದೊಡನೆ ಕೂಡಿಕೊಂಡರೆ, ಸೀರಮ್‌ನ ‘ಕಾಂಪ್ಲಿಮೆಂಟ್’ ಎಂಬ ಅಂಶ ಅಲ್ಲೇ ಖರ್ಚಾಗಿಬಿಡುತ್ತದೆ. ಅದು ಖರ್ಚಾಯಿತೇ ಉಳಿಯಿತೇ ಎಂದು ನೋಡಲು, ಪ್ರತಿಕಾಯ ಸವರಿದ ಕುರಿಯ ಕೆಂಪು ರಕ್ತಕಣಗಳನ್ನು ಬೆರೆಸುತ್ತಾರೆ. ಕಾಂಪ್ಲಿಮೆಂಟ್ ಉಳಿದಿದ್ದರೆ ಕಣಗಳು ಒಡೆದು ದ್ರವ ತಿಳಿಗೆಂಪಾಗುತ್ತದೆ. ಉಳಿದಿಲ್ಲದಿದ್ದರೆ ಕಣಗಳು ಹಾಗೆಯೇ ತಳಕ್ಕಿಳಿಯುತ್ತವೆ. ಇದೇ ಪಾಸಿಟಿವ್.

ತೊಡಕಿದ್ದುದು ಪ್ರತಿಜನಕದಲ್ಲಿ. ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಆಗುತ್ತಿರಲಿಲ್ಲ. ಆದುದರಿಂದ ಸಿಫಿಲಿಸ್‌ನಿಂದ ಸತ್ತು ಹುಟ್ಟಿದ ಶಿಶುಗಳ ಯಕೃತ್ತಿನ ಸಾರವನ್ನು ಬಳಸಿದರು. ಅದರಲ್ಲಿ ರೋಗಾಣುಗಳು ಹೇರಳವಾಗಿರುತ್ತವೆಂಬುದು ಅವರ ತರ್ಕ. ಆದರೆ ಒಂದೆರಡು ವರ್ಷಗಳಲ್ಲೇ ಸೋಜಿಗದ ಸಂಗತಿ ಹೊರಬಿತ್ತು: ರೋಗವೇ ಇಲ್ಲದ ಪ್ರಾಣಿಯ ಹೃದಯದ ಸಾರದಿಂದಲೂ ಪರೀಕ್ಷೆ ಅಷ್ಟೇ ಚೆನ್ನಾಗಿ ನಡೆಯುತ್ತಿತ್ತು! ಅಂದರೆ ಪರೀಕ್ಷೆ ಗುರುತಿಸುತ್ತಿದ್ದುದು ರೋಗಾಣುವಿಗೇ ಮೀಸಲಾದ ಪ್ರತಿಕಾಯವನ್ನಲ್ಲ. ಅದು ನಮ್ಮ ಜೀವಕೋಶಗಳಲ್ಲೂ ಇರುವ ಒಂದು ಮೇದಸ್ಸಿನ ವಿರುದ್ಧ ಹುಟ್ಟುವ ಪ್ರತಿಕಾಯವಾಗಿತ್ತು. 1941ರಲ್ಲಿ ಅಮೆರಿಕದ ಮೇರಿ ಪ್ಯಾಂಗ್‌ಬಾರ್ನ್ ದನದ ಹೃದಯದಿಂದ ಆ ವಸ್ತುವನ್ನು ಬೇರ್ಪಡಿಸಿ ‘ಕಾರ್ಡಿಯೋಲಿಪಿನ್’ ಎಂದು ಕರೆದರು. ಸಿದ್ಧಾಂತ ತಪ್ಪಾಗಿದ್ದರೂ ಪರೀಕ್ಷೆ ಫಲ ಕೊಟ್ಟ ಇಂಥ ಉದಾಹರಣೆ ವಿಜ್ಞಾನದಲ್ಲಿ ಅಪರೂಪ.

ಫಲ ಕೊಟ್ಟಿತು, ಆದರೆ ದಂಡ ತೆತ್ತವರೂ ಇದ್ದರು. ಮಲೇರಿಯಾ, ಕುಷ್ಠ, ಲೂಪಸ್ ಮುಂತಾದ ರೋಗಗಳಲ್ಲೂ ಇದೇ ಬಗೆಯ ಪ್ರತಿಕಾಯಗಳು ಹುಟ್ಟುತ್ತವೆ. 1935ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯ ಮದುವೆಗೆ ಮುನ್ನ ವಧೂವರರಿಬ್ಬರಿಗೂ ಸಿಫಿಲಿಸ್ ರಕ್ತಪರೀಕ್ಷೆ ಕಡ್ಡಾಯವೆಂದು ಕಾನೂನು ಮಾಡಿತು. ಹಲವು ರಾಜ್ಯಗಳು ಅದನ್ನೇ ಅನುಸರಿಸಿದವು. ಪೆನಿಸಿಲಿನ್ ಬಳಕೆಗೆ ಬರುವ ಮುಂಚಿನ ಕಾಲವದು. ಪಾಸಿಟಿವ್ ಎಂದವರಿಗೆ ಆರ್ಸೆನಿಕ್, ಬಿಸ್ಮತ್ ಸಂಯುಕ್ತಗಳ ಚುಚ್ಚುಮದ್ದು, ಅದೂ ತಿಂಗಳುಗಟ್ಟಲೆ.

ಇಲ್ಲೊಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ಕೇವಲ ಉದಾಹರಣೆಗೆ. ರೋಗವಿರುವ 100 ಮಂದಿಯಲ್ಲಿ 90 ಮಂದಿಯನ್ನು ಪರೀಕ್ಷೆ ಹಿಡಿಯುತ್ತದೆ, ರೋಗವಿಲ್ಲದ 100 ಮಂದಿಯಲ್ಲಿ 2 ಮಂದಿಯನ್ನು ತಪ್ಪಾಗಿ ಪಾಸಿಟಿವ್ ಎನ್ನುತ್ತದೆ ಎಂದಿಟ್ಟುಕೊಳ್ಳಿ. ಗುಹ್ಯರೋಗಗಳ ಚಿಕಿತ್ಸಾಲಯಕ್ಕೆ ಬರುವ 10,000 ಮಂದಿಯಲ್ಲಿ 3,000 ಮಂದಿಗೆ ರೋಗವಿದ್ದರೆ, ನಿಜವಾದ ಪಾಸಿಟಿವ್ 2,700, ಹುಸಿ ಪಾಸಿಟಿವ್ 140. ಪರೀಕ್ಷೆಯನ್ನು ನಂಬಬಹುದು. ಮದುವೆಗೆ ಹೊರಟ 10,000 ಮಂದಿಯಲ್ಲಿ ರೋಗವಿರುವವರು 100 ಮಾತ್ರ ಎಂದಾದರೆ? ನಿಜ 90, ಹುಸಿ 198! ಪಾಸಿಟಿವ್ ಎನಿಸಿಕೊಂಡ ಮೂವರಲ್ಲಿ ಇಬ್ಬರು ನಿರಪರಾಧಿಗಳು. ಪರೀಕ್ಷೆ ಬದಲಾಗಿಲ್ಲ, ಅದನ್ನು ಮಾಡಿಸಿಕೊಂಡ ಜನ ಬದಲಾದರು. ಗೈಗರ್ ಗಣಕ ಬಳಸಿದ ಭೌತವಿಜ್ಞಾನದ ವಿದ್ಯಾರ್ಥಿಗೆ ಇದು ಹೊಸತಲ್ಲ. ಆಕರ ದುರ್ಬಲವಾಗಿದ್ದಾಗ ಎಣಿಕೆಯ ಬಹುಪಾಲು ಹಿನ್ನೆಲೆಯ ವಿಕಿರಣದ್ದೇ ಆಗಿರುತ್ತದೆ.

ಈ ಎರಡು ಗುಣಗಳಿಗೆ, ಅಂದರೆ ರೋಗವಿದ್ದವರನ್ನು ಹಿಡಿಯುವುದಕ್ಕೆ ‘ಸಂವೇದನಶೀಲತೆ’, ಇಲ್ಲದವರನ್ನು ಬಿಡುವುದಕ್ಕೆ ‘ನಿರ್ದಿಷ್ಟತೆ’ ಎಂಬ ಅರ್ಥದ ಇಂಗ್ಲಿಷ್ ಪದಗಳನ್ನು 1947ರಲ್ಲಿ ಸಂಖ್ಯಾಶಾಸ್ತ್ರಜ್ಞ ಜೇಕಬ್ ಯೆರುಶಲ್ಮಿ ಬಳಸಿದರು. ಅವರ ವಿಷಯ ಸಿಫಿಲಿಸ್ ಅಲ್ಲ, ಎದೆಯ ಎಕ್ಸ್-ಕಿರಣ ಚಿತ್ರಗಳು. 1949ರಲ್ಲಿ ನೆಲ್ಸನ್ ಮತ್ತು ಮೇಯರ್ ಜೀವಂತ ರೋಗಾಣುವನ್ನೇ ಬಳಸುವ ಪರೀಕ್ಷೆಯನ್ನು ರೂಪಿಸಿದರು. ಅದರೊಂದಿಗೆ ತಾಳೆ ನೋಡಿದಾಗ, ವರ್ಷಗಟ್ಟಲೆ ಸಿಫಿಲಿಸ್ ರೋಗಿಗಳೆಂಬ ಹಣೆಪಟ್ಟಿ ಹೊತ್ತ ಕೆಲವರಿಗೆ ಆ ರೋಗ ಬಂದೇ ಇರಲಿಲ್ಲವೆಂದು ತಿಳಿಯಿತು. ಅಂಥವರಲ್ಲಿ ಕೆಲವರಿಗೆ ಮುಂದೆ ಲೂಪಸ್ ಕಾಣಿಸಿಕೊಂಡಿತು.

‘ನೆಗೆಟಿವ್’ ಕೂಡ ಖುಲಾಸೆಯ ಪತ್ರವಲ್ಲ. ಸೋಂಕು ತಗಲಿದ ಮೊದಲ ವಾರಗಳಲ್ಲಿ ಪ್ರತಿಕಾಯಗಳು ಇನ್ನೂ ಹುಟ್ಟಿರುವುದಿಲ್ಲ.

ಇಂದಿನ ವಿಡಿಆರ್‌ಎಲ್‌ನಲ್ಲಿ ಕುರಿಯ ರಕ್ತಕಣಗಳಿಲ್ಲ, ಆದರೆ ಕಾರ್ಡಿಯೋಲಿಪಿನ್ ಇದೆ. ಅದು ಪಾಸಿಟಿವ್ ಬಂದರೆ ರೋಗಾಣುವಿಗೇ ಮೀಸಲಾದ ಟಿಪಿಎಚ್‌ಎ ಥರದ ಎರಡನೆಯ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಹಾಗಾದರೆ ಹಳೆಯದನ್ನು ಬಿಟ್ಟು ಎರಡನೆಯದನ್ನೇ ಮಾಡಬಾರದೇಕೆ ಎಂದು ನೀವು ಕೇಳಬಹುದು. ಕೆಲವೆಡೆ ಮೊದಲು ಅದನ್ನೇ ಮಾಡುವುದೂ ಉಂಟು. ಆದರೆ ಒಮ್ಮೆ ರೋಗ ಬಂದು ಪೂರ್ತಿ ಗುಣವಾದ ಮೇಲೂ ಆ ಪರೀಕ್ಷೆ ಸಾಮಾನ್ಯವಾಗಿ ಜೀವನಪರ್ಯಂತ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಔಷಧ ನಾಟಿತೇ ಎಂದು ತಿಳಿಯಲು ವೈದ್ಯರು ಈಗಲೂ ನೋಡುವುದು ವಿಡಿಆರ್‌ಎಲ್‌ನಂಥ ಹಳೆಯ ಬಗೆಯ ಪರೀಕ್ಷೆಯ ಅಂಕಿಯನ್ನೇ, ಅದು 1:32ರಿಂದ 1:8ಕ್ಕೆ ಇಳಿಯಿತೇ ಎಂದು.